ಬಾವಿಕಟ್ಟೆಗೆ ಮರಳಿ ಹೋಗುವುದು: ಸಂಶೋಧನೆಯನ್ನು ಊರಿಗೆ ತಲುಪಿಸುವ ಬಗೆ

ಕೊಣಾಜೆಯ ಮಂಗಳಗಂಗೋತ್ರಿಯಲ್ಲಾಗಲಿ, ಸುರತ್ಕಲ್ಲಿನ ಎನ್‌ಐಟಿಕೆಯಲ್ಲಾಗಲಿ, ಮಣಿಪಾಲದಲ್ಲಾಗಲಿ, ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಾಗಲಿ ಪಿಎಚ್‌ಡಿ ಮಾಡುತ್ತಿರುವ ಅನೇಕರ ಸಂಶೋಧನೆಗೆ ಬೇಕಾದ ಸಾಮಗ್ರಿ ದಕ್ಷಿಣ ಕನ್ನಡ, ಉಡುಪಿ ಎಂಬ ಈ ಎರಡು ಜಿಲ್ಲೆಗಳ ಊರುಗಳಿಂದಲೇ ಬಂದಿರುತ್ತದೆ. ಒಬ್ಬರು ಮಲ್ಪೆಯ ಮೀನುಗಾರಿಕಾ ದಕ್ಕೆಯಲ್ಲಿ ಬೆಳಗಿನ ಜಾವ ನಿಂತು ಮೀನು ಅಳೆದಿರುತ್ತಾರೆ, ಇನ್ನೊಬ್ಬರು ಸುಳ್ಯದ ತೋಟದಲ್ಲಿ ಹಳದಿ ರೋಗ ತಗಲಿದ ಅಡಿಕೆ ಮರಗಳನ್ನು ಎಣಿಸಿರುತ್ತಾರೆ, ಮತ್ತೊಬ್ಬರು ಹಿರಿಯರೊಬ್ಬರ ಜಗಲಿಯಲ್ಲಿ ಕುಳಿತು ತುಳು ಜನಪದ ಹಾಡುಗಳಾದ ಪಾಡ್ದನಗಳನ್ನು ಧ್ವನಿಮುದ್ರಿಸಿಕೊಂಡಿರುತ್ತಾರೆ. ಹೋದ ಮನೆಯಲ್ಲೆಲ್ಲ ಬೆಲ್ಲ ನೀರು ಕೊಟ್ಟು ಕೂರಿಸಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಕಳುಹಿಸಿದವರಿಗೆ ಆ ಅಧ್ಯಯನದಿಂದ ಏನು ತಿಳಿಯಿತೆಂಬುದು ಮಾತ್ರ ತಲುಪುವುದಿಲ್ಲ. ಪ್ರಬಂಧ ಇಂಗ್ಲಿಷಿನಲ್ಲಿ ಸಿದ್ಧವಾಗಿ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಸಂಗ್ರಹವನ್ನು ಸೇರುತ್ತದೆ, ಸಂಶೋಧಕರು ಬೇರೆ ಊರಿಗೆ ಹೋಗುತ್ತಾರೆ.

ನನ್ನ ಅಧ್ಯಯನದ ವಿಷಯ ಬಾವಿಯ ನೀರು. ಎರಡನೆಯ ಸಲ ಮಾದರಿ ಸಂಗ್ರಹಕ್ಕೆ ಹೋಗಿದ್ದಾಗ ಒಂದು ಮನೆಯ ಹಿರಿಯ ಮಹಿಳೆ, “ಅವತ್ತು ಬಾಟಲಿಯಲ್ಲಿ ಕೊಂಡುಹೋದಿರಲ್ಲ, ಆ ನೀರು ಕುಡಿಯಬಹುದಾ ಮಗಾ?” ಎಂದು ಕೇಳಿದರು. ಉತ್ತರ ನನ್ನ ಬಳಿ ಇತ್ತು, ಪ್ರಯೋಗಾಲಯದ ಪುಸ್ತಕದಲ್ಲಿ ತಿಂಗಳುಗಟ್ಟಲೆ ಇತ್ತು, ಆದರೆ ಅವರಿಗೆ ಹೇಳಬೇಕೆಂದು ನನಗೆ ತೋಚಿರಲಿಲ್ಲ. ಅಂದಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಉದಾಹರಣೆಗಳು ಹೆಚ್ಚಾಗಿ ನೀರಿಗೆ ಸಂಬಂಧಿಸಿದವು, ಏಕೆಂದರೆ ನಾನು ಚೆನ್ನಾಗಿ ಬಲ್ಲದ್ದು ಅದನ್ನೇ. ಕ್ರಮ ಮಾತ್ರ ಬೇರೆ ವಿಷಯಗಳಿಗೂ ಹೊಂದುತ್ತದೆ ಎಂದು ನಂಬಿದ್ದೇನೆ.

ಮಾದರಿ ಸಂಗ್ರಹಿಸುವ ದಿನವೇ ಆರಂಭಿಸಬೇಕು

ಪ್ರಬಂಧ ಸಲ್ಲಿಸಿದ ಮೇಲೆ ನೋಡೋಣ ಎಂದುಕೊಂಡರೆ ಈ ಕೆಲಸ ಆಗುವುದಿಲ್ಲ. ಸಲ್ಲಿಕೆಯ ಹೊತ್ತಿಗೆ ಶಿಷ್ಯವೇತನ ಮುಗಿದಿರುತ್ತದೆ, ವಿದ್ಯಾರ್ಥಿ ಕೆಲಸ ಹುಡುಕುತ್ತಿರುತ್ತಾರೆ. ಆದ್ದರಿಂದ ಮೊದಲ ಭೇಟಿಯಲ್ಲೇ ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ಯಾರಿಂದ ಏನನ್ನು ಪಡೆದಿರಿ, ಫಲಿತಾಂಶವನ್ನು ಅವರು ಯಾವ ಭಾಷೆಯಲ್ಲಿ, ಹೇಗೆ ತಿಳಿಯಲು ಬಯಸುತ್ತಾರೆ, ಯಾವ ತಿಂಗಳೊಳಗೆ ಹೇಳುವುದಾಗಿ ನೀವು ಮಾತು ಕೊಟ್ಟಿರಿ ಎಂಬುದನ್ನು ಬರೆದಿಡಿ. ಈ ಪುಸ್ತಕವನ್ನು ದತ್ತಾಂಶದ ಪುಸ್ತಕದೊಡನೆ ಬೆರೆಸಬಾರದು, ಏಕೆಂದರೆ ಒಂದರಲ್ಲಿ ಹೆಸರುಗಳಿರುತ್ತವೆ, ಇನ್ನೊಂದರಲ್ಲಿ ಸಂಕೇತ ಸಂಖ್ಯೆಗಳು ಮಾತ್ರ ಇರಬೇಕು. ವೈದ್ಯಕೀಯ ಸಂಶೋಧನೆಯಲ್ಲಿ ತಿಳಿವಳಿಕೆಯ ಒಪ್ಪಿಗೆಯೂ ಗೌಪ್ಯತೆಯೂ ಕಡ್ಡಾಯ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ರಾಷ್ಟ್ರೀಯ ಮಾರ್ಗಸೂಚಿ ಇದನ್ನು ವಿವರವಾಗಿ ಹೇಳುತ್ತದೆ. ಉಳಿದ ವಿಷಯಗಳವರೂ ಅದೇ ಶಿಸ್ತನ್ನು ಪಾಲಿಸುವುದು ಒಳ್ಳೆಯದು. ಒಪ್ಪಿಗೆ ಪತ್ರದಲ್ಲಿಯೇ “ಫಲಿತಾಂಶವನ್ನು ನಿಮಗೆ ಹೀಗೆ ತಿಳಿಸುತ್ತೇವೆ” ಎಂಬ ಒಂದು ವಾಕ್ಯವನ್ನು ಸೇರಿಸಿಬಿಟ್ಟರೆ ಅದು ನಿಮ್ಮನ್ನೇ ಕಟ್ಟಿಹಾಕುತ್ತದೆ, ಹಾಗೆ ಕಟ್ಟಿಹಾಕುವುದು ಅಗತ್ಯ.

ಒಂದು ಪುಟದ ಬರಹ

ಊರಿನವರ ಮುಂದೆ ನಿಲ್ಲುವ ಮೊದಲು ನಿಮ್ಮ ಅಧ್ಯಯನವನ್ನು ಒಂದು ಪುಟದ ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್ ಸಾರಲೇಖವನ್ನು ಎದುರಿಗಿಟ್ಟುಕೊಂಡು ಅನುವಾದಿಸಬಾರದು. ಅದನ್ನು ಮುಚ್ಚಿಟ್ಟು, ಪಕ್ಕದ ಮನೆಯವರು ಕೇಳಿದರೆ ಏನು ಹೇಳುತ್ತೀರೋ ಅದನ್ನೇ ಬರೆಯಬೇಕು. ಏನನ್ನು ನೋಡಿದೆವು, ಏನು ಕಂಡಿತು, ಅದರಿಂದ ನಿಮ್ಮ ಮನೆಯಲ್ಲಿ ಏನು ಮಾಡಬಹುದು ಎಂಬ ಮೂರು ಪ್ರಶ್ನೆಗಳಿಗೆ ಆ ಪುಟದಲ್ಲಿ ಉತ್ತರವಿದ್ದರೆ ಸಾಕು.

ನನ್ನ ಮೊದಲ ಕರಡಿನಲ್ಲಿ ಹೀಗೊಂದು ವಾಕ್ಯವಿತ್ತು: “ಅಧ್ಯಯನ ಪ್ರದೇಶದ ತೆರೆದ ಬಾವಿಗಳಲ್ಲಿ ಮುಂಗಾರಿನ ಅವಧಿಯಲ್ಲಿ ಮಲಮೂಲದ ಕೋಲಿಫಾರ್ಮ್ ಪ್ರಮಾಣವು ಗಣನೀಯವಾಗಿ ಏರಿಕೆಯಾಗಿರುವುದು ಕಂಡುಬಂದಿದೆ.” ವ್ಯಾಕರಣದ ದೃಷ್ಟಿಯಿಂದ ಇದು ಕನ್ನಡ, ಆದರೆ ಬಾವಿಯಿಂದ ನೀರು ಸೇದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಹಲವು ಸಲ ತಿದ್ದಿದ ಮೇಲೆ ಅದು ಹೀಗಾಯಿತು: “ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾ ಒಂದೂ ಇರಬಾರದು ಎಂಬುದು ನಮ್ಮ ದೇಶದ ನಿಯಮ. ಮಳೆಗಾಲದಲ್ಲಿ ನಾವು ನೋಡಿದ ಹಲವು ಬಾವಿಗಳಲ್ಲಿ ಅವು ಇದ್ದವು. ಮುರಕಲ್ಲಿನಲ್ಲಿ ಸಣ್ಣ ಸಣ್ಣ ತೂತುಗಳೂ ಬಿರುಕುಗಳೂ ಇರುವುದರಿಂದ ಶೌಚದ ಗುಂಡಿಯ ನೀರು ಅವುಗಳ ಮೂಲಕ ಬಾವಿಗೆ ಇಳಿಯುವ ಸಾಧ್ಯತೆ ಇದೆ. ಮಳೆಗಾಲ ಮುಗಿಯುವವರೆಗೆ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ.”

ಇಷ್ಟಕ್ಕೇ ನಿಲ್ಲಿಸಿದರೆ ಹೆದರಿಸಿ ಬಂದಂತಾಗುತ್ತದೆ. ಕೈಯಿಂದ ಮಾಡಬಹುದಾದ ಕೆಲಸವೊಂದನ್ನು ಲೆಕ್ಕ ಸಹಿತ ಹೇಳಬೇಕು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಪದ್ಧತಿಯನ್ನು ಎಲ್ಲರೂ ಕೇಳಿರುತ್ತಾರೆ, ಆದರೆ ಎಷ್ಟು ಎಂಬುದು ತಿಳಿಯದೆ ಒಂದು ಹಿಡಿ ಹಾಕುತ್ತಾರೆ. ಒಳ್ಳೆಯ ಪುಡಿಯಾದರೆ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಎಂಬುದು ಆರೋಗ್ಯ ಇಲಾಖೆಯವರು ಬಳಸುವ ಲೆಕ್ಕ. ಬಾವಿಯ ಅಗಲ 2 ಮೀಟರ್, ನಿಂತ ನೀರಿನ ಆಳ 3 ಮೀಟರ್ ಇದ್ದರೆ ಅದರಲ್ಲಿರುವುದು ಸುಮಾರು 9,400 ಲೀಟರ್ ನೀರು, ಅದಕ್ಕೆ ಬೇಕಾದದ್ದು ಸುಮಾರು 24 ಗ್ರಾಂ ಪುಡಿ. ಅದನ್ನು ಬಕೆಟಿನಲ್ಲಿ ಕದಡಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ಕೊಡಪಾನವನ್ನು ಕೆಲವು ಸಲ ಇಳಿಸಿ ಎತ್ತಿ ಕಲಕಿ, ಕನಿಷ್ಠ ಒಂದು ಗಂಟೆ ಬಿಟ್ಟು ನೀರು ಬಳಸಬೇಕು. ಈ ಲೆಕ್ಕ ನನ್ನ ಪ್ರಬಂಧದಲ್ಲಿ ಎಲ್ಲಿಯೂ ಇರಲಿಲ್ಲ, ಏಕೆಂದರೆ ಅದರಲ್ಲಿ ಹೊಸದೇನೂ ಇಲ್ಲ. ಆದರೂ ನಾನು ಹಂಚಿದ ಪುಟದಲ್ಲಿ ಜನರು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡದ್ದು ಈ ಭಾಗವನ್ನೇ. ನಿಮ್ಮ ಸಂಶೋಧನೆಯ ಹೊಸತನ ಪರೀಕ್ಷಕರಿಗೆ ಮುಖ್ಯ, ಊರಿಗೆ ಬೇಕಾದದ್ದು ಆ ಸಂಶೋಧನೆಯ ಸುತ್ತಲಿನ ಹಳೆಯ ತಿಳಿವಳಿಕೆಯೂ ಆಗಿರಬಹುದು, ಅದನ್ನು ಕೊಡಲು ಹಿಂಜರಿಯಬಾರದು.

ಅಳತೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮಲ್ಲಿ ಹಿರಿಯರು ಬಾವಿಯ ಆಳವನ್ನು ಕೋಲಿನಲ್ಲಿ ಹೇಳುತ್ತಾರೆ, ಜಾಗವನ್ನು ಸೆಂಟ್ಸಿನಲ್ಲಿ, ಶಂಕರಪುರದ ಮಲ್ಲಿಗೆಯನ್ನು ಅಟ್ಟೆಯಲ್ಲಿ. ಹೆಕ್ಟೇರಿಗೆ ಇಷ್ಟು ಕಿಲೋಗ್ರಾಂ ಎಂದು ಹೇಳಿದರೆ ಮಲ್ಲಿಗೆ ಬೆಳೆಯುವವರು ವಿನಯದಿಂದ ತಲೆಯಾಡಿಸುತ್ತಾರೆ, ಆದರೆ ಆ ಮಾತು ಅವರ ಲೆಕ್ಕಕ್ಕೆ ಸೇರುವುದಿಲ್ಲ.

ಯಾವ ಭಾಷೆ, ಯಾವ ಪದ

ಈ ಊರುಗಳಲ್ಲಿ ಕನ್ನಡದಲ್ಲಿ ಬರೆದರೆ ಕೆಲಸ ಮುಗಿಯಿತು ಎಂದುಕೊಳ್ಳುವಂತಿಲ್ಲ. ಮನೆಯೊಳಗಿನ ಮಾತು ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಅಥವಾ ಹವ್ಯಕ ಆಗಿರಬಹುದು. ಹಂಚುವ ಪುಟ ಕನ್ನಡದಲ್ಲಿರಲಿ, ಏಕೆಂದರೆ ಶಾಲೆ ಕಲಿತವರೆಲ್ಲ ಓದುವುದು ಅದನ್ನೇ. ಮಾತು ಮಾತ್ರ ಆದಷ್ಟು ಮನೆಯ ಭಾಷೆಯಲ್ಲಿರಲಿ. ನೀವು ಹೊರಜಿಲ್ಲೆಯವರಾಗಿದ್ದರೆ ಆ ಊರಿನ ಒಬ್ಬ ಪದವಿ ವಿದ್ಯಾರ್ಥಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದುಕೊಂಡು, ಹಿಂದಿನ ದಿನವೇ ಅವರೊಡನೆ ಕುಳಿತು ಒಂದೊಂದು ಮಾತನ್ನೂ ಚರ್ಚಿಸಬೇಕು.

ಪಾರಿಭಾಷಿಕ ಪದಗಳಿಗೆ ನಿಘಂಟಿಗಿಂತ ದಕ್ಕೆಯೂ ತೋಟವೂ ಉತ್ತಮ ಆಕರ. ಪಠ್ಯಪುಸ್ತಕದಲ್ಲಿ ಜಂಬಿಟ್ಟಿಗೆ ಎಂದು ಓದಿದ ಕಲ್ಲನ್ನು ಇಲ್ಲಿ ಮುರಕಲ್ಲು ಅಥವಾ ಕೆಂಪುಕಲ್ಲು ಎನ್ನುತ್ತಾರೆ. ತುಳುವರ ಬೂತಾಯಿ ಕೊಂಕಣಿಗರಿಗೆ ತಾರ್ಲೆ, ಕನ್ನಡದವರಲ್ಲಿ ಕೆಲವರಿಗೆ ಬೈಗೆ. ಮೀನಿನ ಬಗ್ಗೆ ಮಾತನಾಡುವವರು ಈ ಹೆಸರುಗಳನ್ನೆಲ್ಲ ಒಮ್ಮೆ ಹೇಳಿ, ಮೀನಿನ ಚಿತ್ರ ತೋರಿಸಿ ಮುಂದುವರಿಯಬೇಕು. ಗದ್ದೆಯ ಬಗ್ಗೆ ಅಧ್ಯಯನ ಮಾಡಿದವರು ಬೈಲು, ಮಜಲು, ಬೆಟ್ಟು ಎಂಬ ವಿಂಗಡಣೆಯನ್ನೂ ಏಣೇಲು, ಸುಗ್ಗಿ, ಕೊಳಕೆ ಎಂಬ ಬೆಳೆಗಳ ಹೆಸರನ್ನೂ ಬಳಸಿದರೆ ಸಾಕು, ಮಣ್ಣು ಮತ್ತು ನೀರಿನ ಬಗ್ಗೆ ಅರ್ಧ ಗಂಟೆ ವಿವರಿಸಬೇಕಾದದ್ದನ್ನು ಆ ಪದಗಳೇ ಹೇಳಿಬಿಡುತ್ತವೆ. ಬ್ಯಾಕ್ಟೀರಿಯಾ, ವೈರಸ್, ಪ್ಲಾಸ್ಟಿಕ್, ಟೆಸ್ಟ್ ಮುಂತಾದ ಪದಗಳು ಎಲ್ಲರಿಗೂ ಗೊತ್ತಿವೆ, ಅವುಗಳಿಗೆ ಸಂಸ್ಕೃತದ ಪದಗಳನ್ನು ಹುಡುಕುವ ಶ್ರಮ ವ್ಯರ್ಥ.

ಬರೆದದ್ದು ಸರಿಯಾಗಿದೆಯೇ ಎಂದು ನೋಡಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ವಿಷಯ ಗೊತ್ತಿಲ್ಲದ ಒಬ್ಬರಿಗೆ ಅದನ್ನು ಓದಿ ಹೇಳಿ, ಅವರು ಅದನ್ನು ಮೂರನೆಯವರಿಗೆ ತಮ್ಮ ಮಾತಿನಲ್ಲಿ ಹೇಳುವುದನ್ನು ಸುಮ್ಮನೆ ಕುಳಿತು ಕೇಳುತ್ತೇನೆ. ಮಾತು ಎಲ್ಲಿ ತಿರುಚಿಕೊಂಡಿತೋ ಅಲ್ಲಿ ತಪ್ಪು ನನ್ನ ಬರಹದ್ದು.

ಹೊತ್ತು ಮತ್ತು ಸ್ಥಳ

ಕರಾವಳಿಯಲ್ಲಿ ಸಭೆ ಕರೆಯುವವರು ಕ್ಯಾಲೆಂಡರಿಗಿಂತ ಮೊದಲು ಊರಿನ ಕಾಲಮಾನವನ್ನು ತಿಳಿದಿರಬೇಕು. ದೀಪಾವಳಿಯ ನಂತರ ಮೇ ಕೊನೆಯ ವಾರದ ಪತ್ತನಾಜೆಯವರೆಗೆ, ಅಂದರೆ ಈ ಉತ್ಸವಗಳು ಮುಗಿಯುವ ದಿನದವರೆಗೆ, ದೈವಗಳ ನೇಮ, ಕೋಲ, ಯಕ್ಷಗಾನ ಮೇಳದ ಆಟಗಳಿಂದ ರಾತ್ರಿಗಳು ತುಂಬಿರುತ್ತವೆ, ಆ ಅವಧಿಯಲ್ಲಿ ಸಂಜೆಯ ಕಾರ್ಯಕ್ರಮ ಇಟ್ಟುಕೊಂಡರೆ ಕುರ್ಚಿಗಳು ಖಾಲಿ ಉಳಿಯುತ್ತವೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಮೀನುಗಾರಿಕೆ ನಿಷೇಧ ಇರುವುದರಿಂದ ಬೋಟಿನ ಮಾಲೀಕರೂ ಬಲೆ ದುರಸ್ತಿ ಮಾಡುವವರೂ ಆಗ ಬಿಡುವಾಗಿ ಸಿಗುತ್ತಾರೆ. ಆದರೆ ನಾಡದೋಣಿಯವರಿಗೆ ಸಂಪಾದನೆಯ ಹೊತ್ತು ಅದೇ ಮಳೆಗಾಲ. ಹೊರರಾಜ್ಯದ ಕಾರ್ಮಿಕರಂತೂ ನಿಷೇಧದ ಅವಧಿಯಲ್ಲಿ ತಮ್ಮ ಊರಿಗೆ ಹೋಗಿರುತ್ತಾರೆ, ನಿಮ್ಮ ಅಧ್ಯಯನ ಅವರ ಬಗ್ಗೆಯೇ ಆಗಿದ್ದರೆ ಆಗಸ್ಟ್ ಕಳೆಯುವವರೆಗೆ ಕಾಯಬೇಕು. ಅಡಿಕೆ ಕೃಷಿಕರು ಮುಂಗಾರಿನ ಆರಂಭದಲ್ಲಿಯೂ ಅದಾಗಿ ಸುಮಾರು 40ರಿಂದ 45 ದಿನಗಳ ಬಳಿಕವೂ ಕೊಳೆರೋಗಕ್ಕೆ ಮದ್ದು ಬಿಡುವ ತರಾತುರಿಯಲ್ಲಿರುತ್ತಾರೆ, ಮಳೆ ಬಿಟ್ಟ ದಿನ ಅವರನ್ನು ಸಭೆಗೆ ಕರೆಯುವುದು ಸರಿಯಲ್ಲ.

ಸ್ಥಳವನ್ನು ಆರಿಸುವಾಗ ಅಲ್ಲಿಗೆ ಯಾರು ಬರಲಾರರು ಎಂಬುದನ್ನು ಮೊದಲು ಯೋಚಿಸಿ. ಒಂದು ಸಮುದಾಯದ ಮಂದಿರ ಅಥವಾ ಸಭಾಭವನ ಎಷ್ಟೇ ವಿಶಾಲವಾಗಿದ್ದರೂ ಉಳಿದವರು ಅಲ್ಲಿಗೆ ಕಾಲಿಡಲು ಹಿಂಜರಿಯಬಹುದು. ಸರಕಾರಿ ಶಾಲೆಯ ಕೊಠಡಿ, ಪಂಚಾಯತಿನ ಸಭಾಂಗಣ, ಹಾಲಿನ ಸೊಸೈಟಿಯ ಜಗಲಿ ಎಲ್ಲರಿಗೂ ಸೇರಿದವು. ಬೀಡಿ ಕಟ್ಟುವ ಮಹಿಳೆಯರಿಗೆ ಸಭೆಗೆ ಬಂದರೆ ಆ ದಿನದ ಕೂಲಿ ಕಡಿಮೆಯಾಗುತ್ತದೆ. ಅವರು ಒಟ್ಟಾಗಿ ಕುಳಿತು ಬೀಡಿ ಕಟ್ಟುವ ಜಗಲಿಗೆ ನೀವೇ ಹೋಗಿ, ಅವರ ಕೈಗಳು ಕೆಲಸ ಮಾಡುತ್ತಿರುವಾಗ ಹೇಳಿದರೆ ಸಭೆಗಿಂತ ಹೆಚ್ಚು ಗಮನದಿಂದ ಕೇಳುತ್ತಾರೆ. ನಾನು ಕಂಡ ಅತ್ಯುತ್ತಮ ಚರ್ಚೆ ನಡೆದದ್ದು ಅಂಥ ಒಂದು ಜಗಲಿಯಲ್ಲಿ.

ಹೇಳುವ ರೀತಿ

ತಾಳಮದ್ದಳೆಯಲ್ಲಿ ಅರ್ಥ ಹೇಳುವವರನ್ನು ಗಮನಿಸಿ. ಭಾಗವತರು ಹಾಡುವ ಪದ್ಯ ಮೊದಲೇ ಬರೆದದ್ದು, ಅದನ್ನು ಅರ್ಥಧಾರಿ ಬದಲಿಸುವಂತಿಲ್ಲ. ಆದರೆ ಎದುರಿಗೆ ಕುಳಿತವರನ್ನು ನೋಡಿ, ಸಹಕಲಾವಿದರ ಪ್ರಶ್ನೆಗೆ ಉತ್ತರಿಸುತ್ತ, ಅದೇ ಪದ್ಯದ ಅರ್ಥವನ್ನು ಒಂದೊಂದು ರಾತ್ರಿ ಒಂದೊಂದು ರೀತಿಯಲ್ಲಿ ಬೆಳೆಸುತ್ತಾರೆ. ನಿಮ್ಮ ದತ್ತಾಂಶ ಆ ಪದ್ಯದಂತೆ, ಅದರ ಒಂದಂಕಿಯೂ ಬದಲಾಗಬಾರದು. ಅರ್ಥ ಹೇಳುವ ಕ್ರಮ ಮಾತ್ರ ಕೇಳುವವರಿಗೆ ತಕ್ಕಂತೆ ಇರಬೇಕು. ಆರಂಭದ ಅಭ್ಯಾಸಕ್ಕೆ, 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ಆರಂಭಿಸಿದ ಮೂರು ನಿಮಿಷದ ಪ್ರಬಂಧ ಮಂಡನೆಯ ಮಾದರಿ ಉಪಯುಕ್ತ. ವಿಭಾಗದ ಗೆಳೆಯರ ಮುಂದೆ ಗಡಿಯಾರ ಇಟ್ಟುಕೊಂಡು ತುಳುವಿನಲ್ಲಿ ಮೂರು ನಿಮಿಷ ಮಾತನಾಡಲು ಯತ್ನಿಸಿದರೆ ನಿಮ್ಮ ವಿಷಯದಲ್ಲಿ ನಿಮಗೇ ಎಲ್ಲಿ ಸ್ಪಷ್ಟತೆ ಇಲ್ಲ ಎಂಬುದು ಕೂಡಲೇ ತಿಳಿಯುತ್ತದೆ.

ಪರದೆ, ಪ್ರೊಜೆಕ್ಟರು, ಸ್ಲೈಡುಗಳನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು, ಅದಕ್ಕಿಂತ ಮುಖ್ಯವಾಗಿ ಕತ್ತಲೆ ಕೋಣೆಯಲ್ಲಿ ಜನ ಪ್ರಶ್ನೆ ಕೇಳುವುದಿಲ್ಲ. ಕೈಯಲ್ಲಿ ಹಿಡಿದು ನೋಡಬಹುದಾದ ವಸ್ತುವನ್ನು ತನ್ನಿ. ನೀರಿನ ವಿಷಯಕ್ಕೆ, ನೀರು ಮಲಿನವಾಗಿದೆಯೇ ಎಂದು ಮನೆಯಲ್ಲೇ ನೋಡಬಹುದಾದ ಎಚ್‌ಟುಎಸ್ ಪರೀಕ್ಷೆಯ ಬಾಟಲಿ ಬಹಳ ಸಹಕಾರಿ. ಅವರೇ ತಮ್ಮ ಬಾವಿಯ ನೀರನ್ನು ಅದಕ್ಕೆ ತುಂಬಿಸಿ ಮನೆಯಲ್ಲಿಟ್ಟುಕೊಂಡರೆ, ಮಲಿನವಾದ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಶಿಲೆಗಳನ್ನು ಅಭ್ಯಸಿಸುವ ಭೂವಿಜ್ಞಾನದ ವಿದ್ಯಾರ್ಥಿ ಮಲ್ಪೆಯ ಶಾಲೆಯ ಮಕ್ಕಳಿಗೆ ಆ ಶಿಲೆಯ ಒಂದು ಫೋಟೊವನ್ನೂ ಒಂದು ಭೂಪಟವನ್ನೂ ತೋರಿಸಿ, ಇದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ ಲಾವಾ ಎಂದು ಹೇಳಿದರೆ, ದಿನವೂ ಸಮುದ್ರ ನೋಡುವ ಆ ಮಕ್ಕಳ ಕಣ್ಣಿಗೆ ಅದು ಬೇರೆಯಾಗಿ ಕಾಣುತ್ತದೆ.

ಇಪ್ಪತ್ತು ನಿಮಿಷ ಮಾತನಾಡಿ, ಅದರ ಎರಡು ಪಟ್ಟು ಹೊತ್ತು ಕೇಳಿ. ಬಾವಿಗೆ ಉಪ್ಪು ನೀರು ಯಾವ ತಿಂಗಳಿಂದ ಬರುತ್ತದೆ, ಹೊಳೆಗೆ ಕಟ್ಟ ಕಟ್ಟುವುದನ್ನು ನಿಲ್ಲಿಸಿದ ಮೇಲೆ ಯಾವ ಬಾವಿ ಬತ್ತಿತು ಎಂಬಂಥ ಮಾಹಿತಿ ಯಾವ ಗ್ರಂಥಾಲಯದಲ್ಲಿಯೂ ಸಿಗುವುದಿಲ್ಲ.

ಹೇಳಬಾರದ್ದು ಮತ್ತು ಹೇಳಲಾಗದ್ದು

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಮೊದಲ ಸಭೆಗೆ ನಾನು ಒಂದು ನಕ್ಷೆಯನ್ನು ತೆಗೆದುಕೊಂಡು ಹೋಗಿದ್ದೆ. ಮನೆಗಳ ಹೆಸರು ಇರಲಿಲ್ಲ, ಕೆಂಪು ಮತ್ತು ಹಸಿರು ಚುಕ್ಕೆಗಳು ಮಾತ್ರ ಇದ್ದವು, ಅಷ್ಟರಿಂದ ಗೌಪ್ಯತೆ ಉಳಿಯಿತೆಂದು ನಂಬಿದ್ದೆ. ಆದರೆ ದಾರಿ, ತೋಡು, ಶಾಲೆ ಎಲ್ಲವೂ ಇದ್ದ ಆ ನಕ್ಷೆಯಲ್ಲಿ ಯಾವ ಚುಕ್ಕೆ ಯಾರ ಮನೆ ಎಂದು ಗುರುತಿಸಲು ಊರಿನವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಕೆಂಪು ಚುಕ್ಕೆಯ ಒಂದು ಮನೆಯ ಬಾವಿಯಿಂದ ಬೇಸಿಗೆಯಲ್ಲಿ ನೀರು ಒಯ್ಯುತ್ತಿದ್ದ ನೆರೆಯವರು ಅಲ್ಲಿಗೆ ಬರುವುದನ್ನೇ ನಿಲ್ಲಿಸಿದರು, ಆ ಮನೆಯವರಿಗೆ ಬಹಳ ನೋವಾಯಿತು. ನಾನು ಹೋಗಿ ಕ್ಷಮೆ ಕೇಳಿದೆ, ಬಾವಿಯನ್ನು ಶುದ್ಧೀಕರಿಸಲು ನೆರವಾದೆ, ನೀರನ್ನು ಮತ್ತೆ ಪರೀಕ್ಷಿಸಿ ವರದಿ ಕೊಟ್ಟೆ. ಆದರೂ ಆ ದಿನದ ಮಾತನ್ನು ಹಿಂದೆ ತೆಗೆದುಕೊಳ್ಳಲು ಆಗಲಿಲ್ಲ. ಆದ್ದರಿಂದ ಪ್ರತಿ ಮನೆಯ ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ಆ ಮನೆಯವರ ಕೈಗೇ, ಸಭೆಗಿಂತ ಮೊದಲು ಕೊಡಬೇಕು. ಸಭೆಯಲ್ಲಿ ಇಡೀ ಗ್ರಾಮದ ಅಥವಾ ವಾರ್ಡಿನ ಒಟ್ಟು ಚಿತ್ರವನ್ನು ಮಾತ್ರ ಹೇಳಬೇಕು.

ರೋಗಗಳ ಬಗ್ಗೆ ಅಧ್ಯಯನ ಮಾಡುವವರು ಇನ್ನೂ ಎಚ್ಚರದಿಂದಿರಬೇಕು. ಮಂಗಳೂರಿನ ಮಲೇರಿಯಾದ ಬಗ್ಗೆ ಮಾತನಾಡುವಾಗ ಕಟ್ಟಡ ಕಾರ್ಮಿಕರ ಹೆಸರು ಹಿಡಿದು ಹೇಳಿದರೆ ಜನರ ಮನಸ್ಸಿನಲ್ಲಿ ಉಳಿಯುವುದು ಹೊರಗಿನವರ ಮೇಲಿನ ದೂರು. ನಿಂತ ನೀರಿನ ಟ್ಯಾಂಕಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ, ಟ್ಯಾಂಕನ್ನು ಮುಚ್ಚಿಡಿ ಎಂದು ಹೇಳಿದರೆ ಉಳಿಯುವುದು ಮುಚ್ಚಳದ ನೆನಪು. ಪಾಡ್ದನ ಅಥವಾ ದೈವಾರಾಧನೆಯ ಧ್ವನಿಮುದ್ರಣ ಮಾಡಿದವರು ಅದರ ಪ್ರತಿಯನ್ನು ಮೊದಲು ಹಾಡಿದವರ ಮನೆಗೆ ಕೊಟ್ಟು, ಯಾವ ಭಾಗವನ್ನು ಸಾರ್ವಜನಿಕವಾಗಿ ಕೇಳಿಸಬಾರದು ಎಂದು ಅವರನ್ನೇ ಕೇಳಬೇಕು. ನಾಟಿ ವೈದ್ಯರಿಂದ ಗಿಡಮೂಲಿಕೆಯ ಮಾಹಿತಿ ಪಡೆದವರೂ ಹಾಗೆಯೇ. ಜೈವಿಕ ವೈವಿಧ್ಯ ಕಾಯ್ದೆ, 2002ರ ಪ್ರಕಾರ ಪಂಚಾಯತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ, ಅದರೊಡನೆ ಮಾತನಾಡಿ ಮುಂದುವರಿಯುವುದು ಕ್ಷೇಮ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿ. ಅಡಿಕೆಯ ಹಳದಿ ರೋಗಕ್ಕೆ ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ. ತೋಟ ಕಳೆದುಕೊಂಡವರು ನಿಮ್ಮ ಪ್ರತಿ ವಾಕ್ಯದಲ್ಲೂ ಭರವಸೆಯನ್ನು ಹುಡುಕುತ್ತಾರೆ, “ನಮ್ಮ ಪ್ರಯೋಗದಲ್ಲಿ ಸ್ವಲ್ಪ ಸುಧಾರಣೆ ಕಂಡಿತು” ಎಂಬ ಮಾತು ಮರುದಿನ ಪೇಟೆಯಲ್ಲಿ “ಮದ್ದು ಸಿಕ್ಕಿದೆ” ಎಂದಾಗಿರುತ್ತದೆ. ಎಷ್ಟು ಮರಗಳ ಮೇಲೆ, ಎಷ್ಟು ವರ್ಷ ನೋಡಿದಿರಿ ಎಂಬುದನ್ನು ಫಲಿತಾಂಶಕ್ಕಿಂತ ಮೊದಲೇ ಹೇಳಿ. ತೋಟದಲ್ಲಿ ಏನು ಮಾಡಬೇಕೆಂಬ ಸಲಹೆ ಕೇಳಿದರೆ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಟ್ಲ ಕೇಂದ್ರವನ್ನೋ ಬ್ರಹ್ಮಾವರ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವನ್ನೋ ತೋರಿಸಿ.

ಪೇಟೆಂಟ್ ಸಾಧ್ಯತೆ ಇರುವ ಕೆಲಸವಾದರೆ ಅರ್ಜಿ ಸಲ್ಲಿಸುವ ಮೊದಲು ಸಭೆಯಲ್ಲಿ ಅದರ ವಿವರ ಬಿಡಿಸಿ ಹೇಳಬಾರದು, ಮೊದಲೇ ಬಹಿರಂಗವಾದದ್ದನ್ನು ಕಾನೂನು ಸಾಮಾನ್ಯವಾಗಿ ಹೊಸ ಶೋಧವೆಂದು ಒಪ್ಪುವುದಿಲ್ಲ. ಪತ್ರಿಕೆಯವರೊಡನೆ ಮಾತನಾಡುವ ಮೊದಲು ಮಾರ್ಗದರ್ಶಕರಿಗೆ ತಿಳಿಸಿ.

ಸಭೆಯಾಚೆಗೆ

ಹೆಚ್ಚು ಜನರನ್ನು ತಲುಪಲು ರೇಡಿಯೊ ಈಗಲೂ ಒಳ್ಳೆಯ ದಾರಿ. ಮಂಗಳೂರು ಆಕಾಶವಾಣಿಯ ಜೊತೆಗೆ ಸಮುದಾಯ ಬಾನುಲಿಗಳಾದ 107.8ರ ರೇಡಿಯೊ ಸಾರಂಗ್, 90.4ರ ರೇಡಿಯೊ ಮಣಿಪಾಲ ಇವೆ. ಕೃಷಿಗೆ ಸಂಬಂಧಿಸಿದ ಬರಹಕ್ಕೆ 1988ರಿಂದ ಪುತ್ತೂರಿನಿಂದ ಬರುತ್ತಿರುವ ಅಡಿಕೆ ಪತ್ರಿಕೆ ಇದೆ, ಕೃಷಿಕರೇ ಬರೆಯುವ ಅದರ ಲೇಖನಗಳನ್ನು ನಾಲ್ಕಾರು ಓದಿದರೆ ಒಂದು ಅನುಭವವನ್ನು ಸ್ಪಷ್ಟವಾಗಿ ಹೇಳುವುದು ಹೇಗೆಂದು ಯಾವ ಕಾರ್ಯಾಗಾರಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಶಾಲೆಗಳಿಗೆ ಹೋಗುವುದಾದರೆ ಫೆಬ್ರವರಿ 28ರ ವಿಜ್ಞಾನ ದಿನದ ಸುತ್ತಮುತ್ತ ಮುಖ್ಯೋಪಾಧ್ಯಾಯರು ಸುಲಭವಾಗಿ ಸಮಯ ಕೊಡುತ್ತಾರೆ.

ಹೊರಡುವ ಮುನ್ನ ಆ ಒಂದು ಪುಟವನ್ನು ಲ್ಯಾಮಿನೇಟ್ ಮಾಡಿಸಿ ಪಂಚಾಯತಿನ ಗ್ರಂಥಾಲಯದಲ್ಲಿಯೂ ಅಂಗನವಾಡಿಯಲ್ಲಿಯೂ ಇಡಿ, ಇಲ್ಲದಿದ್ದರೆ ನಮ್ಮ ಮಳೆಗೆ ಅದು ಒಂದು ಆಟಿ ತಿಂಗಳನ್ನೂ ದಾಟುವುದಿಲ್ಲ. ಅದರ ಕೆಳಗೆ ನಿಮ್ಮ ಮೊಬೈಲ್ ಸಂಖ್ಯೆಗಿಂತ ವಿಭಾಗದ ಕಚೇರಿಯ ಸಂಖ್ಯೆಯನ್ನು ಬರೆಯಿರಿ. ನೀವು ಊರು ಬಿಟ್ಟ ಮೇಲೂ ಯಾರಾದರೂ ಬಾಟಲಿಯಲ್ಲಿ ನೀರು ಹಿಡಿದುಕೊಂಡು ಕೇಳಲು ಬಂದಾಗ ಅಲ್ಲಿ ಉತ್ತರಿಸುವವರು ಒಬ್ಬರಿರಬೇಕು, ಅದಕ್ಕಾಗಿ ವಿಭಾಗದ ಕಿರಿಯ ಸಂಶೋಧನಾ ವಿದ್ಯಾರ್ಥಿಯೊಬ್ಬರನ್ನು ಕೊನೆಯ ಭೇಟಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ ಪರಿಚಯಿಸಿ ಬನ್ನಿ.